ಮುದ್ದೆ ಆರುವ ಮೊದಲು

ನಮ್ಮ ಮಹದೇವಪುರ 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿತು. ಈಗ ಹೊಲಕ್ಕಿಂತ ಸೈಟೇ ಹೆಚ್ಚು. ನನಗೆ ಉಳಿದಿರುವುದು ಹತ್ತು ಗುಂಟೆ ಸೊಪ್ಪು. ಮಗನಿಗೆ ಕಾರ್ಖಾನೆ ಪಾಳಿ, ಸೊಸೆಗೆ ಕಂಪೆನಿ ಕೆಲಸ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಂಡರೆ ಮಾತು ಸಿಗೋದು ಜಗಳಕ್ಕೆ ಮಾತ್ರ: ಜಮೀನು ಮಾರೋಣವೇ, ಬೇಡವೇ?

ನಮ್ಮ ಉಪಾಯ ಸುಲಭ. ಪಾಳಿ ನೋಡಿ ವಾರದ ಊಟದ ಹೊತ್ತನ್ನು ಭಾನುವಾರವೇ ಗೊತ್ತು ಮಾಡುತ್ತೇವೆ. ಮುದ್ದೆ ಆರಿದರೆ ಗಟ್ಟಿ. ಹಾಗಾಗಿ ಎಲ್ಲರೂ ಬಂದ ಮೇಲೇ ತೊಳಸೋದು. ಉಣ್ಣುವಾಗ ಟಿ.ವಿ., ಮೊಬೈಲು ಬಂದ್. ಸಾಲ, ಜಮೀನಿನ ಮಾತು ಕೈ ತೊಳೆದ ಮೇಲೆ. ಹಸಿದ ಹೊಟ್ಟೆಗೆ ಸಿಟ್ಟು ಬೇಗ. ದಣಿದವರು ಯಾರೆಂದು ತಟ್ಟೆ ಎದುರೇ ತಿಳಿಯುತ್ತದೆ, ನಾಳೆ ನೀರು ಕಟ್ಟುವ ಸರದಿ ಅಲ್ಲೇ ಬದಲಾಗುತ್ತದೆ. ಪಾತ್ರೆಯನ್ನೂ ಸರದಿಯಲ್ಲೇ ತೊಳೆಯಿರಿ. ಇಲ್ಲದಿದ್ದರೆ ಎಲ್ಲರ ನೆಮ್ಮದಿ ಒಬ್ಬಳ ಹೊರೆಯಾದೀತು.

ಜಮೀನಿನ ತೀರ್ಮಾನ ಇನ್ನೂ ಆಗಿಲ್ಲ. ಮಾತು ಮಾತ್ರ ಮುರಿದಿಲ್ಲ.