ಕಾಲು ಕಾಣಬೇಕು

ಮ್ಯೂಸಿಕಲ್ ಎಂದರೆ ಪಾತ್ರಗಳು ಕಥೆಯ ನಡುವೆ ಮಾತು ಬಿಟ್ಟು ಹಾಡಿಗೆ, ಕುಣಿತಕ್ಕೆ ಇಳಿಯುವ ಸಿನಿಮಾ. ಹಾಲಿವುಡ್‌ನಲ್ಲಿ 1930ರಿಂದ 50ರ ದಶಕದವರೆಗೆ ಅದರ ಸುಗ್ಗಿ. ದೊಡ್ಡಾಟ ನೋಡಿ ಬೆಳೆದ ಧಾರವಾಡ ಸೀಮೆಯವರಿಗೆ ಈ ರೀತಿಯೇನೂ ಹೊಸದಲ್ಲ. ನಮ್ಮ ರಾಕ್ಷಸ ಪಾತ್ರಗಳೂ ಮೊದಲು ಕುಣಿದು ಆಮೇಲೆ ಮಾತಿಗೆ ಬರುತ್ತವೆ.

ಎಡವುವುದು ಮುಂದೆ. ‘ಕ್ಯಾಮೆರಾ ಕೈಚಳಕ ಇದ್ದೇ ಇರ್ತದಲ್ರಿ, ಅದರಾಗ ಕುಣಿಯೋರದೇನು ಹೆಚ್ಚುಗಾರಿಕೆ?’ ಎಂಬ ಪ್ರಶ್ನೆ ಎಲ್ಲಿ ಹೋದರೂ ಬರುತ್ತದೆ.

ದೊಡ್ಡಾಟದ ಅಟ್ಟದ ಮುಂದೆ ಕೂತವರಿಗೆ ವೇಷಧಾರಿ ಕಿರೀಟದಿಂದ ಗೆಜ್ಜೆಯವರೆಗೆ ಇಡಿಯಾಗಿ ಕಾಣುತ್ತಾನೆ. ಹೆಜ್ಜೆ ತಪ್ಪಿದರೆ ಬಚ್ಚಿಡಲು ಜಾಗವಿಲ್ಲ. ಸಿನಿಮಾಕ್ಕೆ ಆ ಕಟ್ಟುಪಾಡಿಲ್ಲ. ಒಂದು ಕ್ಷಣ ಮುಖ, ಒಂದು ಕ್ಷಣ ಕೈ, ನಡುವೆ ನೋಡುವವರ ಚಪ್ಪಾಳೆ ಸೇರಿಸಿ ಅಂಟಿಸಿದರೆ ಕುಣಿಯಲು ಬಾರದವರೂ ಕುಣಿದಂತೆ ಕಾಣುತ್ತಾರೆ. ಹಾಲಿವುಡ್‌ನ ನರ್ತಕ ನಟ ಫ್ರೆಡ್ ಅಸ್ಟೇರ್ ಇದಕ್ಕೆ ಒಪ್ಪಲಿಲ್ಲ. ತಲೆಯಿಂದ ಕಾಲಿನವರೆಗೆ ಇಡೀ ಮೈ ಚೌಕಟ್ಟಿನೊಳಗೆ ಇರಬೇಕು, ಆದಷ್ಟೂ ಕತ್ತರಿ ಬೀಳಬಾರದು ಎಂದು ಹಟ ಹಿಡಿದ.

1935ರ ‘ಟಾಪ್ ಹ್ಯಾಟ್’ನಲ್ಲಿ ಮಳೆಗೆ ಸಿಕ್ಕ ಇಬ್ಬರು ಉದ್ಯಾನದ ಮಂಟಪದೊಳಗೆ ನಿಲ್ಲುತ್ತಾರೆ. ಅಸ್ಟೇರ್ ಸಿಳ್ಳೆ ಹಾಕುತ್ತ ಸುಮ್ಮನೆ ಅಡ್ಡಾಡತೊಡಗುತ್ತಾನೆ. ಕುದುರೆ ಸವಾರಿಯ ಉಡುಪಿನಲ್ಲಿರುವ ಜಿಂಜರ್ ರೋಜರ್ಸ್ ಹಿಂದಿನಿಂದ ಅವನ ನಡಿಗೆಯನ್ನೇ ಅಣಕಿಸುತ್ತಾಳೆ. ಅಣಕ ಪೈಪೋಟಿಯಾಗುತ್ತದೆ, ಪೈಪೋಟಿ ಒಲವಾಗುತ್ತದೆ. ಕೊನೆಗೆ ಇಬ್ಬರೂ ಕೂತು ಕೈ ಕುಲುಕುತ್ತಾರೆ. ಇದನ್ನೆಲ್ಲ ಹೇಳಿದ್ದು ಕಾಲು. ನಮ್ಮ ಗರಗದಲ್ಲಿ ಈ ಮಾತನ್ನು ಹೆಚ್ಚು ಬಿಡಿಸಬೇಕಾಗಿಲ್ಲ: ಇಲ್ಲಿ ಧ್ವಜದ ಖಾದಿ ನೇಯುವವರನ್ನು ನೋಡಿದವರಿಗೆ ಗೊತ್ತು, ಕೈ ಎಷ್ಟೇ ಚುರುಕಿರಲಿ, ಮಗ್ಗದ ಲಯ ಹಿಡಿದಿಡುವುದು ಕಾಲಿನ ತುಳಿತ.

ಅಸ್ಟೇರ್‌ಗೆ ತೀರ ಎದುರು ದಾರಿ ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿಯದು. ಕ್ಯಾಮೆರಾವನ್ನು ನೆತ್ತಿಯ ಮೇಲೆ ಏರಿಸಿ, ಹತ್ತಾರು ನರ್ತಕಿಯರನ್ನು ಹೂವಿನ ಎಸಳಾಗಿಸಿದವನು ಅವನು. ನೋಡಲು ಸೊಗಸು, ಆದರೆ ಅಲ್ಲಿ ಯಾರ ಹೆಜ್ಜೆಯೂ ನೆನಪಿನಲ್ಲಿ ಉಳಿಯುವುದಿಲ್ಲ. ನನ್ನ ಮತ ನಿಕೋಲಸ್ ಸೋದರರಿಗೆ. 1943ರ ‘ಸ್ಟಾರ್ಮಿ ವೆದರ್’ನಲ್ಲಿ ಈ ಆಫ್ರಿಕನ್ ಅಮೆರಿಕನ್ ಅಣ್ಣತಮ್ಮಂದಿರು ದೊಡ್ಡ ಮೆಟ್ಟಿಲುಸಾಲಿನಲ್ಲಿ ಒಬ್ಬರ ತಲೆಯ ಮೇಲಿಂದ ಒಬ್ಬರು ಹಾರಿ, ಎರಡೂ ಕಾಲು ನೇರ ಚಾಚಿ ಇಳಿದು, ಮತ್ತೆ ಎದ್ದು ಇನ್ನೊಂದು ಮೆಟ್ಟಿಲಿಗೆ ಹಾರುತ್ತಾರೆ. ಬಣ್ಣಭೇದದ ಆ ಕಾಲದಲ್ಲಿ ಅವರ ಕುಣಿತವನ್ನು ಎಷ್ಟೋ ಸಿನಿಮಾಗಳಲ್ಲಿ ಕಥೆಗೆ ಅಂಟದಂತೆ ಇಡುತ್ತಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳ ಚಿತ್ರಮಂದಿರಗಳಲ್ಲಿ ಕತ್ತರಿಸಿ ತೆಗೆಯಲು ಅನುಕೂಲ ಎಂದು.

ಹಾಗಾದರೆ ಮೋಸವೇ ಇಲ್ಲವೇ? ಇದೆ, ಆದರೆ ನಾವು ಹುಡುಕದ ಕಡೆ. ಹೆಜ್ಜೆಯ ಸದ್ದೇ ತಾಳವಾಗುವ ಟ್ಯಾಪ್ ಕುಣಿತದ ಬೂಟಿನಡಿ ಲೋಹದ ಪಟ್ಟಿ ಇರುತ್ತದೆ. ಚಿತ್ರೀಕರಣದಲ್ಲಿ ಮೊದಲೇ ಧ್ವನಿಮುದ್ರಿಸಿದ ಸಂಗೀತ ಹಾಕಿಕೊಂಡು ಕುಣಿಯುತ್ತಿದ್ದರು. ಹೆಜ್ಜೆಯ ಟಕಟಕ ಸೇರುತ್ತಿದ್ದದ್ದು ಆಮೇಲೆ: ಪರದೆಯ ಮೇಲೆ ಚಿತ್ರ ನೋಡುತ್ತ, ಅದೇ ಹೆಜ್ಜೆಗಳನ್ನು ಮತ್ತೊಮ್ಮೆ ಹಾಕಿ ಸದ್ದು ಮುದ್ರಿಸಬೇಕು. ಅಸ್ಟೇರ್ ತನ್ನದನ್ನು ತಾನೇ ಮಾಡುತ್ತಿದ್ದ. ರೋಜರ್ಸ್‌ಳ ಹೆಜ್ಜೆಯ ಸದ್ದು ಎಷ್ಟೋ ಸಲ ಅವರ ನೃತ್ಯ ಸಂಯೋಜಕ ಹರ್ಮಿಸ್ ಪ್ಯಾನ್‌ನದು! ಅಂದರೆ ಜನ ಅನುಮಾನಪಡುವ ಕಣ್ಣಿಗೆ ಕಂಡದ್ದು ನಿಜ, ಕಣ್ಮುಚ್ಚಿ ನಂಬುವ ಕಿವಿಗೆ ಕೇಳಿದ್ದು ಜೋಡಣೆ. ದೊಡ್ಡಾಟದ ಹಲಗೆಯ ಮೇಲೆ ಮಾತ್ರ ಗೆಜ್ಜೆ, ತುಳಿತ, ಮದ್ದಳೆ ಮೂರೂ ಒಂದೇ ಗಳಿಗೆಯಲ್ಲಿ ಹುಟ್ಟುತ್ತವೆ.

ಹಾಲಿವುಡ್‌ನ ಹೆಜ್ಜೆಗಳನ್ನು ಇಂದಿಗೂ ಒಂದೊಂದಾಗಿ ಬಿಡಿಸಿ ಕಲಿಯಬಹುದು, ಯಾಕೆಂದರೆ ಕಾಲು ಕಾಣುತ್ತದೆ. ದೊಡ್ಡಾಟಕ್ಕೂ ಈಗ ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ಹಳ್ಳಿಯ ಆಟ ಹಿಡಿದಿಡುವುದು ಹುಡುಗರ ಮೊಬೈಲು, ಅದು ಮೀಸೆಯತ್ತ, ಕಿರೀಟದತ್ತ ನುಗ್ಗುತ್ತದೆ. ಈ ಪುಸ್ತಿಕೆ ಓದುವ ತಮ್ಮಂದಿರೇ, ತಂಗಿಯರೇ, ಮುಂದಿನ ಆಟಕ್ಕೆ ಹೋದಾಗ ಜನರ ಹಿಂದೆ ನಿಲ್ಲಿ. ಮೊಬೈಲು ಅಡ್ಡ ಹಿಡಿಯಿರಿ, ಗೆಜ್ಜೆ ಚೌಕಟ್ಟಿನೊಳಗೆ ಇರಲಿ, ಪ್ರವೇಶದ ಕುಣಿತ ಮುಗಿಯುವವರೆಗೆ ಜೂಮ್ ಮುಟ್ಟಬೇಡಿ. ಆಮೇಲೆ ಅದರ ಮೇಲೆ ಸಿನಿಮಾ ಹಾಡು ಅಂಟಿಸಬೇಡಿ.