ಎರಡಾಣೆಯಲ್ಲಿ ಕಂಡ ದೊಡ್ಡತನ

ವ್ಯಾಪಾರವೆಂದರೆ ಕೇವಲ ಲಾಭ-ಹಾನಿಗಳ ಲೆಕ್ಕ ಎಂದು ತಿಳಿದವರು ಬಹಳ ಜನ. ಆದರೆ ಸತ್ಯಶುದ್ಧವಾಗಿ ನಡೆಸಿದ ವ್ಯಾಪಾರವೂ ಕಾಯಕವೇ ಆಗಿದೆ. ಹನ್ನೆರಡನೆಯ ಶತಮಾನದ ಶರಣರು ಯಾವ ಉದ್ಯೋಗವನ್ನೂ ಕೀಳೆಂದು ಎಣಿಸಲಿಲ್ಲ. ಮಾಡುವ ಕೆಲಸದ ಹಿಂದಿನ ಮನಸ್ಸು ಹೇಗಿದೆ ಎಂಬುದನ್ನೇ ಅವರು ಮುಖ್ಯವಾಗಿ ನೋಡಿದರು.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರೆಲ್ಲ ಯಜಮಾನರಾಗಬಹುದು, ನಾಯಕರಾಗಲಾರರು. ಯಜಮಾನನ ಕಣ್ಣು ಬಂದ ಹಣದ ಮೇಲೆ ಇರುತ್ತದೆ. ನಾಯಕನ ಕಣ್ಣು ಹಣ ತಂದ ಮನುಷ್ಯನ ಮುಖದ ಮೇಲೆ ಇರುತ್ತದೆ. ಆ ಮುಖದಲ್ಲಿಯ ಕೊರತೆಯನ್ನು ಓದಬಲ್ಲವನಿಗೇ ಹೊಸ ವಿಚಾರ ಹೊಳೆಯುತ್ತದೆ. ಹೊಸತನವು ಆಕಾಶದಿಂದ ಉದುರುವ ವಸ್ತುವಲ್ಲ. ಪರರ ಕಷ್ಟವನ್ನು ತನ್ನದೆಂದು ತಿಳಿದ ಬುದ್ಧಿಯ ಫಲ ಅದು.

ಈ ಮಾತಿಗೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. 1925ರಲ್ಲಿ ಉಡುಪಿಯಲ್ಲಿ ವೈದ್ಯರಾದ ಡಾ. ಟಿ. ಎಂ. ಎ. ಪೈ, ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರರಾದ ವಾಮನ ಕುಡ್ವ ಈ ಮೂವರೂ ಸೇರಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮೂಲ ಬಂಡವಾಳ ಕೇವಲ 8000 ರೂಪಾಯಿ. ಕೈಮಗ್ಗದ ಉದ್ಯಮ ಸಂಕಟಕ್ಕೆ ಸಿಲುಕಿದ್ದ ಕಾಲವದು. ನೇಕಾರರಿಗೆ ಆಸರೆಯಾಗಬೇಕೆಂಬುದು ಅವರ ಉದ್ದೇಶವಾಗಿತ್ತು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಹೆಸರಿನಿಂದ ಹುಟ್ಟಿದ ಈ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಪ್ರಸಿದ್ಧವಾಯಿತು.

ಬಡವನ ಹತ್ತಿರ ಉಳಿಸುವಷ್ಟು ಹಣವೆಲ್ಲಿದೆ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ದಿನಗೂಲಿಯವನ ಕೈಗೆ ಸಂಜೆ ನಾಲ್ಕು ಕಾಸು ಬಂದೇ ಬರುತ್ತದೆ. ಅದು ರಾತ್ರಿ ಕಳೆಯುವಷ್ಟರಲ್ಲಿ ಎಲ್ಲಿಯೋ ಸೋರಿ ಹೋಗುತ್ತದೆ. ಅಷ್ಟು ಚಿಲ್ಲರೆಯನ್ನು ಹಿಡಿದುಕೊಂಡು, ಒಂದು ದಿನದ ದುಡಿಮೆ ಬಿಟ್ಟು, ಬ್ಯಾಂಕಿನ ಮೆಟ್ಟಿಲು ಹತ್ತಲು ಅವನಿಗೆ ಧೈರ್ಯವಾಗದು. ಅವನು ಬಾರದಿದ್ದರೆ ಬ್ಯಾಂಕೇ ಅವನ ಬಾಗಿಲಿಗೆ ಹೋಗಬಾರದೇಕೆ? ಈ ಒಂದು ವಿಚಾರದಿಂದ 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸುವ ಪದ್ಧತಿ ಅದು.

ಆಣೆ-ಪೈಗಳ ಕಾಲವನ್ನು ಕಂಡ ಹಿರಿಯರು ಲೆಕ್ಕ ಹಾಕಿ ನೋಡಬೇಕು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ. ಎಂದರೆ 45 ರೂಪಾಯಿ 10 ಆಣೆ. ಅಂದಿನ ಬಡ ಸಂಸಾರಕ್ಕೆ ಅದು ಸಣ್ಣ ಮೊತ್ತವಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಮ್ಮ ಮನೆಗಳಲ್ಲಿ ಅಜ್ಜಿಯರೂ ಆಡುವ ಮಾತು. ಎಲ್ಲರೂ ಆಡುತ್ತಿದ್ದ ಆ ಮಾತಿಗೆ ಇವರು ಒಂದು ವ್ಯವಸ್ಥೆಯನ್ನು ಕೊಟ್ಟರು. ಇದರಲ್ಲಿ ಯಾವ ಯಂತ್ರವೂ ಇರಲಿಲ್ಲ, ವಿದೇಶದ ವಿದ್ಯೆಯೂ ಇರಲಿಲ್ಲ. ಇದ್ದದ್ದು ಒಂದು ಪುಸ್ತಕ, ನಡೆಯುವ ಎರಡು ಕಾಲು ಮತ್ತು ಕೊಟ್ಟ ಹಣ ತಿರುಗಿ ಬಂದೀತೆಂಬ ವಿಶ್ವಾಸ.

ಇದಕ್ಕೂ ಇಪ್ಪತ್ತು ವರ್ಷ ಮೊದಲೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಸಹಕಾರಿ ಸಂಘ ಹುಟ್ಟಿತು. ದೇಶದ ಸಹಕಾರಿ ಚಳವಳಿಯ ಚರಿತ್ರೆಯಲ್ಲಿ ಆ ಹಳ್ಳಿಯ ಹೆಸರು ಮೊದಲ ಪುಟದಲ್ಲಿದೆ. ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ ಅದರ ಪ್ರಯೋಜನವನ್ನು ಅರಿತುಕೊಂಡದ್ದು ಪಟ್ಟಣದ ಪಂಡಿತರಲ್ಲ, ಹಳ್ಳಿಯ ಒಕ್ಕಲಿಗರು ಎಂಬುದನ್ನು ನಮ್ಮ ಹಿರಿಯರು ಹೆಮ್ಮೆಯಿಂದ ನೆನೆಯಬೇಕು.

ಆದರೆ ಹೊಸತನಕ್ಕೆ ಕಡಿವಾಣವೂ ಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮ ಅದನ್ನು ತಿರುಗಿ ಹಾಕಿ ಬರುವಂತೆ ಹೇಳಿದಳೆಂಬ ಪ್ರಸಂಗ ಎಲ್ಲ ಭಕ್ತರಿಗೂ ಗೊತ್ತಿದೆ. ಲಕ್ಕಮ್ಮನ ವಿವೇಕ ಎಷ್ಟು ದೊಡ್ಡದೋ, ಆ ಮಾತನ್ನು ಕೇಳಿದ ಮಾರಯ್ಯನವರ ಮನಸ್ಸೂ ಅಷ್ಟೇ ದೊಡ್ಡದು. ತಿದ್ದುವವರ ಮಾತನ್ನು ಕೇಳದವನು ಎಂಥ ಬುದ್ಧಿವಂತನಾದರೂ ನಾಯಕನಲ್ಲ. ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಠೇವಣಿ ಕೂಡಿಸಿ, ಕೊನೆಗೆ ಬಾಗಿಲು ಹಾಕಿಕೊಂಡು ಹೋದವರನ್ನು ನಾಡು ಕಂಡಿದೆ. ಅವರಿಗೂ ಹೊಸ ಹೊಸ ಉಪಾಯಗಳು ತಿಳಿದಿದ್ದವು. ಆದರೆ ವಿಧವೆಯ ಗಂಟೂ ಮುದುಕನ ಪಿಂಚಣಿಯೂ ಅವರ ಕೈಯಲ್ಲಿ ಕರಗಿ ಹೋದವು. ಅದು ಜಾಣತನವೇ ಹೊರತು ಕಾಯಕವಲ್ಲ.

ಇಂದು ಊರಿನ ಹಿರಿಯರು ವಿಚಾರ ಮಾಡಬೇಕಾದ ಮತ್ತೊಂದು ಮಾತಿದೆ. ಮಠಕ್ಕೆ ಬರುವ ಭಕ್ತರಲ್ಲಿ ಅನೇಕರು, 'ಬುದ್ಧಿ, ಮಗ ಅಂಗಡಿಯ ರೀತಿಯನ್ನೇ ಬದಲು ಮಾಡಬೇಕು ಅಂತಾನೆ, ಏನು ಮಾಡೋಣ?' ಎಂದು ಕೇಳುತ್ತಾರೆ. ಅಪ್ಪನ ಕೈಯಿಂದ ಕೀಲಿಕೈ ಬಿಡದು; ಮಗನ ಮನಸ್ಸು ಊರಿನಲ್ಲಿ ನಿಲ್ಲದು. ಹೀಗೆ ಎಷ್ಟೋ ತಲೆಮಾರುಗಳಿಂದ ನಡೆದುಬಂದ ಅಂಗಡಿಗಳಿಗೆ ಬೀಗ ಬೀಳುತ್ತಿದೆ. ಇಂಥವರಿಗೆ ನಾವು ಹೇಳುವುದಿಷ್ಟೇ: ಮಗನಾಗಲಿ ಮಗಳಾಗಲಿ, ಹೊಸ ಮಾತು ಹೇಳಿದಾಗ ಅದರಿಂದ ಲಾಭವೆಷ್ಟು ಎಂದು ಮೊದಲೇ ಕೇಳಬೇಡಿರಿ. ಇದರಿಂದ ಯಾರ ಕಷ್ಟ ಕಡಿಮೆಯಾಗುತ್ತದೆ ಎಂದು ಕೇಳಿರಿ. ಅದಕ್ಕೆ ಸರಿಯಾದ ಉತ್ತರ ಬಂದರೆ ಸ್ವಲ್ಪ ಹಣವನ್ನು ಕೊಟ್ಟು ಮಾಡಿ ನೋಡಲು ಬಿಡಿರಿ. ಇಡೀ ಆಸ್ತಿಯನ್ನು ಪಣಕ್ಕಿಡುವುದು ಬೇಡ, ಹಾಗೆಂದು ಬರಿಗೈಯಲ್ಲಿ ಕಳಿಸುವುದೂ ಬೇಡ. ಮಕ್ಕಳೂ ಅಷ್ಟೇ, ತಂದೆಯ ಹಳೆಯ ಲೆಕ್ಕದ ಪುಸ್ತಕವನ್ನು ತಾತ್ಸಾರ ಮಾಡಬಾರದು. ಊರಿನಲ್ಲಿ ಯಾರು ಕೊಟ್ಟ ಮಾತಿಗೆ ನಿಲ್ಲುವವರು ಎಂಬ ಜ್ಞಾನ ಆ ಪುಸ್ತಕದಲ್ಲಿದೆ.

ಸಿಂಡಿಕೇಟ್ ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಫಲಕದ ಮೇಲಿನ ಹೆಸರು ಹೋಯಿತು. ಆದರೆ ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಸಂತೆ-ಪೇಟೆಗಳಲ್ಲಿ, ಸಹಕಾರಿ ಸಂಘಗಳಲ್ಲಿ ಇನ್ನೂ ಉಳಿದಿದೆ. ಕಟ್ಟಿದ ಸಂಸ್ಥೆಗೆ ಅಳಿವುಂಟು, ಜನರಿಗೆ ಉಪಕಾರವಾದ ವಿಚಾರಕ್ಕೆ ಅಳಿವಿಲ್ಲ. ನಮ್ಮ ಭಕ್ತರ ಮನೆ, ಅಂಗಡಿ, ಹೊಲಗಳಲ್ಲಿ ಅಂಥ ವಿಚಾರಗಳು ಹುಟ್ಟಲಿ, ಹಿರಿಯರ ವಿವೇಕವೂ ಕಿರಿಯರ ಉತ್ಸಾಹವೂ ಒಂದಾಗಿ ನಡೆಯಲಿ ಎಂದು ಹಾರೈಸುತ್ತೇವೆ.