ಮಣ್ಣು ಮೆತ್ತುವ ಕುಂಬಾರ ಕಪ್ಪೆ

ಕುಂಬಾರ ಕಪ್ಪೆ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಬದುಕುವ ಒಂದು ಇರುಳುಗಪ್ಪೆ. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನು ಇದರ ನೆಲೆಗಳಲ್ಲೊಂದು. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿ, ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂಬ ಹೆಸರಿಟ್ಟರು.

ಹೆಸರಿಗೆ ಕಾರಣ ಗಂಡಿನ ಕಸುಬು. ಮಳೆಗಾಲದ ರಾತ್ರಿ ಅದು ಹಳ್ಳದಲ್ಲಿ ಕುಳಿತು ಹೆಣ್ಣನ್ನು ಕೂಗಿ ಕರೆಯುತ್ತದೆ. ಜೊತೆಯಾದ ಮೇಲೆ ಹೆಣ್ಣು ಮುಂಗಾಲೂರಿ ತಲೆಕೆಳಗಾಗಿ ನಿಂತು, ನೀರಿನಿಂದ ತುಸು ಮೇಲಿರುವ ಕಡ್ಡಿಗೋ ಬಂಡೆಗೋ ಮೊಟ್ಟೆಗಳನ್ನು ಅಂಟಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಉಳಿದದ್ದೆಲ್ಲ ಗಂಡಿನದು. ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ಬಾಚಿಕೊಂಡು, ಹಿಂಗಾಲುಗಳ ಮೇಲೆ ಎದ್ದು ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಾಗುತ್ತದೆ, ಮತ್ತೆ ಬಾಚುತ್ತದೆ. ಮೊಟ್ಟೆಗಳು ಕೆಸರಿನಡಿ ಮರೆಯಾಗುವವರೆಗೂ ಈ ಕೆಲಸ ನಡೆಯುತ್ತದೆ. ಕಪ್ಪೆಗಳಲ್ಲಿ ಇಂಥ ಮಣ್ಣುಮೆತ್ತುವಿಕೆ ದಾಖಲಾದದ್ದು ಇದೇ ಮೊದಲು.

ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಚಿಪ್ಪಿಲ್ಲ, ಲೋಳೆಯ ಹೊದಿಕೆಯಷ್ಟೇ. ನೀರಿನಾಚೆ ಇಟ್ಟರೆ ಅದು ಬೇಗ ಒಣಗುತ್ತದೆ, ಬೇಟೆಗಾರರ ಕಣ್ಣಿಗೂ ಬೀಳುತ್ತದೆ. ಕೆಸರಿನ ಲೇಪ ಪಸೆಯನ್ನು ಹಿಡಿದಿಟ್ಟು, ಮೊಟ್ಟೆಯನ್ನು ಮರೆಮಾಚುತ್ತದೆ ಎಂಬುದು ಸಂಶೋಧಕರ ವಿವರಣೆ.

ಇದೇ ಕುಲದ ಬಾಂಬೆ ಇರುಳುಗಪ್ಪೆಯ ನಡವಳಿಕೆಯೂ ಅಚ್ಚರಿಯದ್ದೇ. ಸಾಮಾನ್ಯವಾಗಿ ಗಂಡುಕಪ್ಪೆ ಹೆಣ್ಣನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತದೆ. ಇಲ್ಲಿ ಗಂಡು ತಬ್ಬುವುದಿಲ್ಲ. ಹೆಣ್ಣಿನ ಬೆನ್ನ ಮೇಲೆ ಕಾಲಗಲಿಸಿ ಕುಳಿತು ವೀರ್ಯ ಸುರಿಸಿ, ಸರಿದುಹೋಗುತ್ತದೆ. ಆಮೇಲೆ ಹೆಣ್ಣು ಮೊಟ್ಟೆಯಿಟ್ಟಾಗ ಬೆನ್ನಿನಿಂದ ಇಳಿದ ವೀರ್ಯ ಅವುಗಳನ್ನು ಫಲಿತಗೊಳಿಸುತ್ತದೆ. ಎಸ್. ಡಿ. ಬಿಜು ಅವರ ತಂಡ ಮಹಾರಾಷ್ಟ್ರದ ಘಟ್ಟಗಳಲ್ಲಿ ರಾತ್ರಿಗಟ್ಟಲೆ ಕಾದು ನೋಡಿದ ಈ ಕೂಟದ ವಿವರ 2016ರಲ್ಲಿ ಪ್ರಕಟವಾಯಿತು.

ಮರುವರ್ಷ ಇರುಳುಗಪ್ಪೆಗಳ ಏಳು ಹೊಸ ಪ್ರಭೇದಗಳು ಒಮ್ಮೆಗೇ ಬೆಳಕಿಗೆ ಬಂದವು. ಅವುಗಳಲ್ಲಿ ನಾಲ್ಕು ಎಷ್ಟು ಪುಟಾಣಿಯೆಂದರೆ ಉದ್ದ ಸುಮಾರು 12ರಿಂದ 15 ಮಿಲಿಮೀಟರ್ ಮಾತ್ರ. ಇವು ಅಪರೂಪದವೇನಲ್ಲ, ತಮ್ಮ ನೆಲೆಗಳಲ್ಲಿ ಧಾರಾಳವಾಗಿಯೇ ಇವೆ. ಗಾತ್ರ ತೀರ ಕಿರಿದು, ಕೂಗು ಕೀಟದ ಸದ್ದಿನಂತೆ, ವಾಸ ತರಗೆಲೆಯ ಅಡಿಯಲ್ಲಿ. ಹೀಗಾಗಿ ಅಷ್ಟು ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಘಟ್ಟದ ಕಪ್ಪೆಗಳನ್ನು ಹುಡುಕಲು ಕಣ್ಣಿಗಿಂತ ಕಿವಿಯೇ ಹೆಚ್ಚು ನೆರವಾಗುವುದು ಇದರಿಂದಲೇ. ನೋಡಲು ಒಂದೇ ತೆರನಾದ ಎರಡು ಕಪ್ಪೆಗಳ ಕೂಗು ಬೇರೆಯಿದ್ದರೆ, ಅಲ್ಲಿ ಎರಡು ಪ್ರಭೇದಗಳಿರಬಹುದೆಂಬ ಮೊದಲ ಸುಳಿವು ಸಿಗುತ್ತದೆ. ಡಿಎನ್‌ಎ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ.

ಕುಂಬಾರ ಕಪ್ಪೆಯ ನೆಲೆಯಾದ ಕತ್ತಲೆಕಾನಿನಲ್ಲಿ ಉಳಿದಿರುವಂಥ ರಾಂಪತ್ರೆ ಜಡ್ಡಿಗಳು, ಅಂದರೆ ರಾಂಪತ್ರೆ ಮರಗಳ ಜೌಗು ಕಾಡುಗಳು, ಒಂದು ಕಾಲದಲ್ಲಿ ಘಟ್ಟದ ತಗ್ಗುಗಳಲ್ಲಿ ಇನ್ನಷ್ಟು ವಿಸ್ತಾರವಾಗಿದ್ದವು. ಅವುಗಳಲ್ಲಿ ಬಹುಪಾಲು ಗದ್ದೆ, ಅಡಿಕೆ ತೋಟಗಳಾಗಿವೆ. ಅಲ್ಲಿ ಯಾವ ಯಾವ ಕಪ್ಪೆಗಳು ಕೂಗುತ್ತಿದ್ದವೆಂದು ಯಾರೂ ಬರೆದಿಟ್ಟಿಲ್ಲ.